ಒಂದು ಪೊಟ್ಟಣ, ಒಂದು ಲೀಟರು



ಮಕ್ಕಳ ವಾಂತಿಭೇದಿಯನ್ನು ಕುರಿತು ಕಳೆದ ಬೇಸಿಗೆಯಲ್ಲಿ ನಾವು ಪ್ರಸಾರ ಮಾಡಿದ ಸಂವಾದವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಂದು ಬಂದಿದ್ದ ಮಕ್ಕಳ ತಜ್ಞರು ಎಲ್ಲವನ್ನೂ ತಿಳಿಯಾಗಿ ಹೇಳಿದರು. ಓ.ಆರ್.ಎಸ್. ಪುಡಿಯ ಪೊಟ್ಟಣವನ್ನು ಒಂದು ಲೀಟರು ನೀರಿನಲ್ಲಿ ಕರಗಿಸಬೇಕು ಎಂಬ ಮಾತನ್ನು ಎರಡು ಸಲ ಹೇಳಿದರು. ಆದರೆ ಅವರು ಹಾಗೆ ಹೇಳುತ್ತಿದ್ದಾಗ ಪರದೆಯ ಮೇಲೆ ನೀವು ನೋಡಿದ್ದು ಒಂದು ಗಾಜಿನ ಲೋಟ, ಅದರೊಳಕ್ಕೆ ಪೊಟ್ಟಣದಿಂದ ಬೀಳುತ್ತಿದ್ದ ಬಿಳಿಯ ಪುಡಿ. ಮೇಜಿನ ಮೇಲೆ ಮೊದಲು ಇಟ್ಟಿದ್ದ ಜಗ್ಗಿನ ಮೇಲೆ ದೀಪದ ಬೆಳಕು ಬಿದ್ದು ಕ್ಯಾಮೆರಾಕ್ಕೆ ಹೊಡೆಯುತ್ತಿತ್ತು. ಜಗ್ಗನ್ನು ತೆಗೆಸಿ ಲೋಟ ಇಡಿಸಿದ್ದು ನಾನೇ. ಚಿತ್ರ ಚೆನ್ನಾಗಿ ಬಂತು.

ಮೂರು ವಾರದ ಮೇಲೆ ಒಂದು ಅಂಚೆ ಕಾರ್ಡು ಬಂತು. ಬರೆದವರು ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ತಮ್ಮ ಊರಿನ ಒಂದೂವರೆ ವರ್ಷದ ಮಗುವಿಗೆ ಭೇದಿಯಾದಾಗ ಮನೆಯವರು ಇಡೀ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಹಾಕಿ ಕುಡಿಸಿದರೆಂದೂ, ಭೇದಿ ಇನ್ನೂ ಹೆಚ್ಚಾಗಿ ಮಗು ಬಾಯಾರಿಕೆಯಿಂದ ಚಡಪಡಿಸತೊಡಗಿತೆಂದೂ, ತಾಲ್ಲೂಕು ಆಸ್ಪತ್ರೆಗೆ ಸೇರಿಸಿ ಎರಡು ದಿನದ ಮೇಲೆ ಮನೆಗೆ ಕರೆತಂದರೆಂದೂ ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: 'ಯಾಕಮ್ಮಾ ಹೀಗೆ ಮಾಡಿದಿರಿ ಅಂತ ಕೇಳಿದರೆ, ಟೀವಿಯಲ್ಲಿ ತೋರಿಸಿದ ಹಾಗೇ ಮಾಡಿದೆವು ಅಂತಾರೆ ಸರ್.'

ಕಣ್ಣು ಕಂಡದ್ದನ್ನು ಕಿವಿ ಕೇಳಿದ ಮಾತು ಅಳಿಸಲಾರದು. ಇದು ನಮ್ಮ ಕಸುಬಿನ ಮೊದಲ ಪಾಠ. ಬಿ.ಎಸ್ಸಿ. ಓದಿ, ಇಷ್ಟು ವರ್ಷ ಆರೋಗ್ಯದ ಕಾರ್ಯಕ್ರಮ ಮಾಡಿದ ನಾನು ಅದನ್ನು ಅಂದು ಮರೆತಿದ್ದೆ. ತಪ್ಪೊಪ್ಪಿಗೆಯನ್ನು ಮುಂದಿನ ಸಂಚಿಕೆಯಲ್ಲೇ ಪ್ರಸಾರ ಮಾಡಿದೆವು. ಆದರೂ ಪರದೆಯ ಮೇಲೆ ಎರಡು ನಿಮಿಷದಲ್ಲಿ ಹೇಳಲಾಗದ ಒಂದು ವಿಷಯ ಉಳಿದಿದೆ. ಪುಡಿ ಅದೇ, ನೀರೂ ಅದೇ. ಪ್ರಮಾಣ ತಪ್ಪಿದರೆ ಜೀವ ಉಳಿಸುವ ವಸ್ತು ತೊಂದರೆ ಕೊಡುವುದು ಏಕೆ? ಇದನ್ನು ತಿಳಿಯಬೇಕಾದರೆ ನಮ್ಮ ಕರುಳಿನ ಲೆಕ್ಕಪತ್ರವನ್ನು ಒಮ್ಮೆ ತೆರೆದು ನೋಡಬೇಕು.

ಒಬ್ಬ ವಯಸ್ಕ ವ್ಯಕ್ತಿ ಕುಡಿಯುವ ನೀರು, ಊಟದಲ್ಲಿರುವ ನೀರು ಎಲ್ಲ ಸೇರಿದರೆ ದಿನಕ್ಕೆ ಸುಮಾರು 2 ಲೀಟರು. ಆದರೆ ಕರುಳಿಗೆ ಬಂದು ಬೀಳುವುದು ಇಷ್ಟೇ ಅಲ್ಲ. ಬಾಯಿಯ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ, ಕರುಳಿನ ಗೋಡೆಯೇ ಸುರಿಸುವ ರಸ ಇವೆಲ್ಲ ಸೇರಿ ಇನ್ನೂ ಸುಮಾರು 7 ಲೀಟರು ಆಗುತ್ತದೆ. ಒಟ್ಟು 9 ಲೀಟರು, ಅಂದರೆ ದೊಡ್ಡ ಕೊಡದ ಮುಕ್ಕಾಲು ಭಾಗ. ಇದರಲ್ಲಿ ಮಲದೊಡನೆ ಹೊರಗೆ ಹೋಗುವುದು ಒಂದು ಸಣ್ಣ ಲೋಟದಷ್ಟು, 100ರಿಂದ 200 ಮಿಲಿಲೀಟರು ಮಾತ್ರ. ಉಳಿದದ್ದನ್ನೆಲ್ಲ ಕರುಳು ಮತ್ತೆ ಹೀರಿ ರಕ್ತಕ್ಕೆ ಹಿಂದಿರುಗಿಸುತ್ತದೆ. ಇದು ಪ್ರತಿದಿನವೂ ನಮಗೆ ಅರಿವಿಲ್ಲದಂತೆ ನಡೆಯುವ ವ್ಯವಹಾರ. ಭೇದಿ ಎಂದರೆ ಎಲ್ಲಿಂದಲೋ ಹೊಸ ನೀರು ಬಂದು ಸೇರುವುದಲ್ಲ. ಕೊಟ್ಟದ್ದು ವಾಪಸ್ಸು ಬಾರದೆ ಲೆಕ್ಕ ತಪ್ಪುವುದು, ಅಷ್ಟೇ. ಆದ್ದರಿಂದಲೇ ಅದು ಅಷ್ಟು ಬೇಗ ದೇಹವನ್ನು ಬರಿದು ಮಾಡುತ್ತದೆ. ಹುಟ್ಟಿದ ಮಗುವಿನ ತೂಕದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರು. ಎಂಟು ಕಿಲೋ ತೂಕದ ಮಗುವಿನಿಂದ ಮುಕ್ಕಾಲು ಲೀಟರು ನೀರು ಹೋದರೆ ಅದರ ತೂಕದ ಹತ್ತರಲ್ಲಿ ಒಂದು ಭಾಗವೇ ಹೋದಂತೆ. ಆ ಮಟ್ಟದಲ್ಲಿ ಪ್ರಾಣಕ್ಕೇ ಅಪಾಯ.

ಈಗ ಒಂದು ಸ್ವಾರಸ್ಯದ ಸಂಗತಿ. ಕರುಳು ನೀರನ್ನು ಹೀರುತ್ತದೆ ಎಂದು ಹೇಳಿದೆನಲ್ಲ, ನಿಜವಾಗಿ ಕರುಳಿನ ಜೀವಕೋಶಗಳಲ್ಲಿ ನೀರನ್ನೇ ಎತ್ತುವ ಪಂಪು ಇಲ್ಲ. ಅವು ಎತ್ತುವುದು ಉಪ್ಪನ್ನು. ಉಪ್ಪು ಹೋದ ಕಡೆಗೆ ನೀರು ತಾನಾಗಿ ಹಿಂಬಾಲಿಸುತ್ತದೆ. ಇದನ್ನು ನೋಡಲು ಪ್ರಯೋಗಶಾಲೆ ಬೇಡ, ಅಡುಗೆಮನೆ ಸಾಕು. ಉಪ್ಪಿನಕಾಯಿಗೆಂದು ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ಸುಕ್ಕಾಗಿರುತ್ತದೆ, ಜಾಡಿಯಲ್ಲಿ ನೀರು ನಿಂತಿರುತ್ತದೆ. ಆ ನೀರನ್ನು ಯಾರೂ ಹಾಕಿದ್ದಲ್ಲ. ಹೊರಗಿನ ಗಟ್ಟಿ ಉಪ್ಪು ಹೋಳಿನ ಒಳಗಿನ ನೀರನ್ನು ಸೆಳೆದದ್ದು. ಸಕ್ಕರೆಯೂ ಹೀಗೆಯೇ ಸೆಳೆಯುತ್ತದೆ. ಹೆಚ್ಚಿದ ಹಣ್ಣಿಗೆ ಸಕ್ಕರೆ ಉದುರಿಸಿಟ್ಟರೆ ಸ್ವಲ್ಪ ಹೊತ್ತಿಗೆ ಬಟ್ಟಲಿನ ತಳದಲ್ಲಿ ರಸ ನಿಲ್ಲುವುದು ಇದೇ ಕಾರಣಕ್ಕೆ. ಎಲ್ಲಿ ಉಪ್ಪು ಸಕ್ಕರೆಗಳು ಹೆಚ್ಚು ಗಟ್ಟಿಯಾಗಿರುತ್ತವೆಯೋ ಅತ್ತ ನೀರು ಹರಿಯುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕಾಲರಾ ರೋಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭೇದಿಗಳಲ್ಲಿ ಅತ್ಯಂತ ಉಗ್ರವಾದದ್ದು ಅದು. ತೀವ್ರವಾದಾಗ ರೋಗಿಯ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುವುದುಂಟು. ರೋಗಾಣು ಕರುಳನ್ನು ಕೊರೆದು ತೂತು ಮಾಡುತ್ತದೆ ಎಂದು ಒಂದು ಕಾಲದಲ್ಲಿ ಹಲವರು ಭಾವಿಸಿದ್ದರು. ಹಾಗಲ್ಲ, ಅದು ಒಂದು ವಿಷವನ್ನು ಸ್ರವಿಸುತ್ತದೆ ಎಂಬುದನ್ನು ಮೊಲಗಳ ಕರುಳಿನಲ್ಲಿ ಪ್ರಯೋಗ ಮಾಡಿ 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. ಈ ವಿಷ ಕರುಳಿನ ಜೀವಕೋಶವನ್ನು ಕೊಲ್ಲುವುದಿಲ್ಲ. ಅದರ ಒಂದು ನಲ್ಲಿಯನ್ನು ತಿರುಗಿಸಿ, ಮತ್ತೆ ಮುಚ್ಚಲಾಗದಂತೆ ಮಾಡಿಬಿಡುತ್ತದೆ. ಉಪ್ಪಿನ ಒಂದು ಅಂಶವಾದ ಕ್ಲೋರೈಡು ಆ ದಾರಿಯಲ್ಲಿ ಕರುಳಿನೊಳಕ್ಕೆ ಸುರಿಯತೊಡಗುತ್ತದೆ. ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಜೊತೆಗೆ, ಉಪ್ಪನ್ನು ಒಳಗೆ ಎಳೆದುಕೊಳ್ಳುವ ಸಾಮಾನ್ಯ ಬಾಗಿಲೂ ಮುಚ್ಚಿಹೋಗುತ್ತದೆ. ಈ ಸ್ಥಿತಿಯಲ್ಲಿ ಬರಿಯ ನೀರು ಕುಡಿಸಿದರೆ ಅದು ಒಳಗೆ ಸೇರದು. ಉಪ್ಪುನೀರು ಕುಡಿಸಿದರೂ ಸೇರದು. ಶತಮಾನಗಳ ಕಾಲ ವೈದ್ಯರು ಕೈಚೆಲ್ಲಿದ್ದು ಇಲ್ಲಿಯೇ.

ಆದರೆ ರೋಗದ ಕೈಗೆ ಸಿಗದ ಇನ್ನೊಂದು ಬಾಗಿಲು ಉಳಿದಿತ್ತು. ರಾಬರ್ಟ್ ಕ್ರೇನ್ ಎಂಬ ಅಮೆರಿಕದ ಜೀವರಸಾಯನ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಮ್ಮೇಳನವೊಂದರಲ್ಲಿ ಒಂದು ವಿಚಾರವನ್ನು ಮಂಡಿಸಿದರು. ಗ್ಲೂಕೋಸು ಸಣ್ಣ ಕರುಳಿನ ಜೀವಕೋಶದೊಳಕ್ಕೆ ಒಂಟಿಯಾಗಿ ಹೋಗುವುದಿಲ್ಲ, ಸೋಡಿಯಂ ಕೈಹಿಡಿದುಕೊಂಡೇ ಹೋಗುತ್ತದೆ ಎಂಬುದು ಅದರ ಸಾರ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ಒಂದು ಗ್ಲೂಕೋಸು ಕಣಕ್ಕೆ ಎರಡು ಸೋಡಿಯಂ ಎಂಬ ಲೆಕ್ಕ ಆಮೇಲೆ ತಿಳಿಯಿತು. ಕಾಲರಾದ ವಿಷ ಈ ಬಾಗಿಲನ್ನು ಮುಟ್ಟುವುದೇ ಇಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಭೇದಿಯನ್ನುಂಟುಮಾಡುವ ರೋಟಾ ವೈರಸ್ಸು ಕರುಳಿನ ಒಳಗೋಡೆಯ ಸಣ್ಣ ಚಾಚುಗಳ ತುದಿಯನ್ನು ಹಾಳು ಮಾಡುತ್ತದೆ, ನಿಜ. ಆದರೂ ಕೆಲಸ ಮಾಡುವಷ್ಟು ಬಾಗಿಲುಗಳು ಉಳಿದಿರುತ್ತವೆ. ಸಕ್ಕರೆ ಮತ್ತು ಉಪ್ಪು ಎರಡೂ ಕರಗಿರುವ ನೀರನ್ನು ಕುಡಿಸಿದರೆ ಅವು ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಓ.ಆರ್.ಎಸ್.ನಲ್ಲಿ ಸಕ್ಕರೆ ಇರುವುದು ರುಚಿಗಲ್ಲ, ಶಕ್ತಿ ಬರಲೆಂದೂ ಅಲ್ಲ. ಅದು ಬಾಗಿಲು ತೆರೆಯುವ ಬೀಗದ ಕೈ.

ಈ ತಿಳಿವಳಿಕೆ ಪುಸ್ತಕದಿಂದ ಹಾಸಿಗೆಯ ಪಕ್ಕಕ್ಕೆ ಬರಲು ಕೆಲವು ವರ್ಷ ಹಿಡಿಯಿತು. ಹೇಮೇಂದ್ರನಾಥ ಚಟರ್ಜಿ ಎಂಬ ಕಲ್ಕತ್ತೆಯ ವೈದ್ಯರು 1953ರಷ್ಟು ಹಿಂದೆಯೇ ಉಪ್ಪು, ಗ್ಲೂಕೋಸುಗಳ ನೀರನ್ನು ಕಾಲರಾ ರೋಗಿಗಳಿಗೆ ಕುಡಿಸಿ ಗುಣ ಕಂಡಿದ್ದರು. ಕಾರಣ ತಿಳಿಯದಿದ್ದ ಕಾಲದಲ್ಲಿ ಅದಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್, ಹೋದ ನೀರನ್ನು ಅಳೆದು ಅಷ್ಟನ್ನೇ ಕುಡಿಸಿ, ಇದರಿಂದ ಕೆಲಸವಾಗುತ್ತದೆ ಎಂದು ತೋರಿಸಿದರು. ಆದರೆ ಅದು ನುರಿತ ದಾದಿಯರು, ಅಳತೆಯ ಪಾತ್ರೆಗಳು ಎಲ್ಲ ಇದ್ದ ಆಸ್ಪತ್ರೆ.

ನಿಜವಾದ ಪರೀಕ್ಷೆ ನಡೆದದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನೆಯ ಹೋರಾಟದ ವರ್ಷ ಅದು. ಲಕ್ಷಗಟ್ಟಲೆ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಮಳೆಗಾಲ, ಕಿಕ್ಕಿರಿದ ಶಿಬಿರಗಳು, ಅವುಗಳಲ್ಲಿ ಕಾಲರಾ. ಗಡಿಯ ಬಳಿಯ ಬನಗಾಂವ್ ಆಸ್ಪತ್ರೆಗೆ ಹೋದ ಡಾ. ದಿಲೀಪ್ ಮಹಾಲನಬಿಸ್ ಕಂಡದ್ದು ಎರಡು ಕೋಣೆಗಳ ನೆಲದ ತುಂಬ ಮಲಗಿದ್ದ ರೋಗಿಗಳನ್ನು. ರಕ್ತನಾಳದ ಮೂಲಕ ಕೊಡುವ ಸಲೈನು ಬಾಟಲಿಗಳು ಬೇಗನೆ ಮುಗಿಯುತ್ತ ಬಂದವು. ಅದನ್ನು ಕೊಡಬಲ್ಲ ಕೈಗಳೂ ಸಾಲವು. ಅವರು ಕಲ್ಕತ್ತೆಯ ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ಪುಡಿ ತೂಗಿಸಿ ಪೊಟ್ಟಣ ಕಟ್ಟಿಸಿದರು. ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡ. ಇಷ್ಟೇ ಸಾಮಗ್ರಿ. ಶಿಬಿರದಲ್ಲಿ ಅದನ್ನು ನಲ್ಲಿ ಇರುವ ಡ್ರಮ್ಮುಗಳಲ್ಲಿ ಕಲಸಿಟ್ಟರು. ಕುಡಿಸುತ್ತಿದ್ದವರು ಡಾಕ್ಟರುಗಳಲ್ಲ. ತಾಯಿ, ಅಣ್ಣ, ಗಂಡ, ಅಜ್ಜಿ, ಪಕ್ಕದಲ್ಲಿ ಯಾರಿದ್ದರೋ ಅವರು ಲೋಟ ತುಂಬಿಕೊಂಡು ಬಂದು ಕುಡಿಸಿದರು. ತೀರಾ ಕೈಮೀರಿದವರಿಗೆ ಮಾತ್ರ ಸಲೈನು. ಅದಕ್ಕೆ ಮೊದಲು ಶಿಬಿರಗಳಲ್ಲಿ ನೂರಕ್ಕೆ ಸುಮಾರು 30 ರೋಗಿಗಳು ಸಾಯುತ್ತಿದ್ದರು. ಮಹಾಲನಬಿಸ್ ಅವರ ತಂಡ ನೋಡಿಕೊಂಡ 3000ಕ್ಕೂ ಹೆಚ್ಚು ಮಂದಿಯಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕಡಿಮೆಯಾಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಕೊಡಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ನಮ್ಮ ಗಾಜಿನ ಲೋಟಕ್ಕೆ ಹಿಂದಿರುಗೋಣ. ಇಂದಿನ ಪೊಟ್ಟಣದ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಪರಿಷ್ಕರಿಸಿದವು. ಹಳೆಯ ಸೂತ್ರಕ್ಕಿಂತ ಇದು ತೆಳು. ದ್ರಾವಣ ಎಷ್ಟು ಗಟ್ಟಿ ಎಂಬುದನ್ನು ವಿಜ್ಞಾನಿಗಳು ಒಂದು ಅಂಕಿಯಿಂದ ಹೇಳುತ್ತಾರೆ. ನಮ್ಮ ರಕ್ತದ್ದು ಸುಮಾರು 290. ಸರಿಯಾಗಿ ಕಲಸಿದ ಓ.ಆರ್.ಎಸ್.ನದು 245. ರಕ್ತಕ್ಕಿಂತ ಸ್ವಲ್ಪ ತೆಳುವಾದ್ದರಿಂದ ನೀರು ಕರುಳಿನಿಂದ ರಕ್ತದ ಕಡೆಗೆ ಹರಿಯುತ್ತದೆ. ಲೀಟರಿಗೆ ಕಲಸಬೇಕಾದ ಪುಡಿಯನ್ನು 200 ಮಿಲಿಲೀಟರಿನ ಲೋಟಕ್ಕೆ ಹಾಕಿದರೆ ಏನಾಗುತ್ತದೆ? ಐದು ಪಟ್ಟು ಗಟ್ಟಿ. ಅಂಕಿ 1200 ದಾಟುತ್ತದೆ. ಅಂದರೆ ಕರುಳೇ ಉಪ್ಪಿನಕಾಯಿ ಜಾಡಿಯಾಯಿತು, ಮಗುವೇ ಮಾವಿನ ಹೋಳು! ರಕ್ತದಲ್ಲಿದ್ದ ನೀರೇ ಕರುಳಿಗೆ ಇಳಿದುಬಂದು ಭೇದಿ ಹೆಚ್ಚುತ್ತದೆ. ಜೊತೆಗೆ ರಕ್ತಕ್ಕೆ ಸೇರಿದ ಅತಿಯಾದ ಸೋಡಿಯಂ ಮಿದುಳಿನ ಜೀವಕೋಶಗಳಿಂದಲೂ ನೀರನ್ನು ಸೆಳೆಯುತ್ತದೆ. ಮಗು ಚಡಪಡಿಸುವುದು, ಕೆಲವೊಮ್ಮೆ ಫಿಟ್ಸು ಬರುವುದು ಇದರಿಂದಲೇ. ಇದಕ್ಕೆ ಪ್ರತಿಯಾಗಿ, ಪುಡಿ ಹೆಚ್ಚು ದಿನ ಬರಲಿ ಎಂದು ಚೂರುಚೂರೇ ಹಾಕಿ ತೀರಾ ತೆಳುವಾಗಿ ಕಲಸಿದರೆ ಬಾಗಿಲು ತೆರೆಯುವಷ್ಟು ಉಪ್ಪೂ ಸಕ್ಕರೆಯೂ ಇರುವುದಿಲ್ಲ.

ಇನ್ನೊಂದು ಗೊಂದಲವನ್ನೂ ಹೇಳಿಬಿಡಬೇಕು. ಅಂಗಡಿಯಲ್ಲಿ ಎರಡು ಅಳತೆಯ ಪೊಟ್ಟಣಗಳಿವೆ. ಸುಮಾರು 21 ಗ್ರಾಮಿನ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ನಾಲ್ಕು ಗ್ರಾಮಿನಷ್ಟಿರುವ ಸಣ್ಣದು 200 ಮಿಲಿಲೀಟರಿಗೆ. ನೋಡಲು ಎರಡೂ ಒಂದೇ ತೆರನಾಗಿರುತ್ತವೆ. ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿಯೇ ಕಲಸಿ. ಓದಲು ಬಾರದಿದ್ದರೆ ಔಷಧಿ ಅಂಗಡಿಯವರನ್ನೋ ಶಾಲೆಗೆ ಹೋಗುವ ಮಕ್ಕಳನ್ನೋ ಕೇಳಲು ಸಂಕೋಚ ಬೇಡ. ನೀರನ್ನು ಮೊದಲೇ ಕುದಿಸಿ ಆರಿಸಿರಬೇಕು. ಕಲಸಿದ ಮೇಲೆ ಕುದಿಸಬಾರದು; 24 ಗಂಟೆ ಕಳೆದರೆ ಚೆಲ್ಲಿ ಹೊಸದನ್ನು ಕಲಸಬೇಕು. ಹಾಲಿಗೋ ಹಣ್ಣಿನ ರಸಕ್ಕೋ ಪುಡಿ ಬೆರೆಸುವುದೂ, ಮಗು ಕುಡಿಯಲಿ ಎಂದು ಮೇಲೊಂದು ಚಮಚ ಸಕ್ಕರೆ ಹಾಕುವುದೂ ಬೇಡವೇ ಬೇಡ.

ಅಂದಿನ ಕಾರ್ಯಕ್ರಮಕ್ಕೆ ದೂರವಾಣಿ ಮಾಡಿದ ತಾಯಿಯೊಬ್ಬರ ಪ್ರಶ್ನೆ ನನಗೆ ಇನ್ನೂ ನೆನಪಿದೆ. 'ಡಾಕ್ಟ್ರೇ, ಕುಡಿಸಿದಷ್ಟೂ ಹೋಗ್ತಾನೇ ಇರುತ್ತೆ. ಕೊಡದೇ ಇದ್ರೆ ತಾನಾಗೇ ನಿಲ್ಲುತ್ತೆ ಅಂತಾರೆ ನಮ್ಮತ್ತೆ. ಯಾವುದು ಸರಿ?' ಅತ್ತೆಯವರ ಮಾತಿನಲ್ಲಿ ಕಣ್ಣಿಗೆ ಕಾಣುವ ನಿಜವೊಂದಿದೆ. ಓ.ಆರ್.ಎಸ್. ಭೇದಿಯನ್ನು ನಿಲ್ಲಿಸುವ ಔಷಧಿಯಲ್ಲ. ಅದು ಹೋದ ನೀರನ್ನು ತುಂಬಿಕೊಡುತ್ತದೆ. ಭೇದಿ ತನ್ನ ಪಾಡಿಗೆ ಎರಡು ಮೂರು ದಿನ, ಕೆಲವೊಮ್ಮೆ ಒಂದು ವಾರ ನಡೆದು ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಮಗುವನ್ನು ಒಣಗದಂತೆ ಇಡುವುದೇ ಇದರ ಕೆಲಸ. ನೀರು ಕೊಡದಿದ್ದರೆ ಭೇದಿ ಕಡಿಮೆಯಾದಂತೆ ಕಾಣುವುದು, ಹೋಗಲು ಒಳಗೆ ಏನೂ ಉಳಿದಿಲ್ಲದ್ದರಿಂದ. ತಾಯಂದಿರು ಅರ್ಧದಲ್ಲೇ ಕೈಬಿಡುವುದು ಇದು ತಿಳಿಯದ್ದರಿಂದ ಎಂದು ನನ್ನ ಅಭಿಪ್ರಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಭೇದಿಯಾದ ಐದು ಮಕ್ಕಳಲ್ಲಿ ಮೂರಕ್ಕೆ ಮಾತ್ರ ಓ.ಆರ್.ಎಸ್. ಸಿಕ್ಕಿತ್ತು. ಪ್ರಪಂಚದಲ್ಲಿ ಈಗಲೂ ವರ್ಷಕ್ಕೆ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ಸಾಯುತ್ತಿದ್ದಾರೆ.

ಎಷ್ಟು ಕೊಡಬೇಕು? ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200, ದೊಡ್ಡವರಿಗೆ ಕುಡಿದಷ್ಟು. ಗಟಗಟನೆ ಬೇಡ, ಚಮಚದಲ್ಲಿ, ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನವಾಗಿ. ಎದೆಹಾಲು ನಿಲ್ಲಿಸಬಾರದು. ಊಟವನ್ನೂ ನಿಲ್ಲಿಸಬಾರದು. ಇದರ ಜೊತೆ 14 ದಿನ ಸತುವಿನ ಮಾತ್ರೆ, ಅಂದರೆ ಜಿಂಕ್, ಕೊಡುತ್ತಾರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಭೇದಿ ನಿಂತರೂ ಮಾತ್ರೆ ನಿಲ್ಲಿಸದೆ ಪೂರ್ತಿ ಮಾಡಬೇಕು.

ಪೊಟ್ಟಣ ಸಿಗದ ಊರು, ಸಿಗದ ಹೊತ್ತು ಇದ್ದೇ ಇರುತ್ತದೆ. ಆಗ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ತಲೆ ಸವರಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಲಸಿ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ಇಂಥದೇ ಪಾಕವನ್ನು ಕಲಿಸಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿದವರ ಸಂಬಳ ನಿಂತಿದ್ದುದು, ಆಮೇಲೆ ಹೋಗಿ ಕೇಳಿದಾಗ ತಾಯಂದಿರು ಅದನ್ನು ಎಷ್ಟು ಸರಿಯಾಗಿ ಮಾಡಿ ತೋರಿಸುತ್ತಾರೆ ಎಂಬುದರ ಮೇಲೆ. ನಮ್ಮಂಥ ಕಾರ್ಯಕ್ರಮ ಮಾಡುವವರ ಸಂಬಳಕ್ಕೂ ಆ ನಿಯಮ ಹಾಕಿದ್ದರೆ ಆ ಜಗ್ಗು ಮೇಜಿನಿಂದ ಇಳಿಯುತ್ತಿರಲಿಲ್ಲ.

ನಮ್ಮ ಅಜ್ಜಿಯರ ಉಪ್ಪು ಹಾಕಿದ ಅಕ್ಕಿ ಗಂಜಿಗೂ ಇದೇ ವಿಜ್ಞಾನ ಅನ್ವಯಿಸುತ್ತದೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸಾಗುತ್ತದೆ. ಒಮ್ಮೆಲೇ ಗಟ್ಟಿಯಾಗದ್ದರಿಂದ ನೀರನ್ನು ಹಿಮ್ಮುಖವಾಗಿ ಸೆಳೆಯುವುದಿಲ್ಲ. ಎಳನೀರು ಒಳ್ಳೆಯದೇ, ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಆದರೆ ಸೋಡಿಯಂ ಕಡಿಮೆ. ಅದೊಂದನ್ನೇ ನಂಬುವಂತಿಲ್ಲ. ಬಾಟಲಿಯ ತಂಪು ಪಾನೀಯ, ಬರಿಯ ಗ್ಲೂಕೋಸು ನೀರು ಇವುಗಳಲ್ಲಿ ಸಕ್ಕರೆ ಇದೆ, ಉಪ್ಪು ಇಲ್ಲ. ಇನ್ನು, ಹಣ್ಣಿನ ಚಿತ್ರವಿರುವ ಸಿಹಿ ಪಾನೀಯದ ಡಬ್ಬಿಗಳ ಮೇಲೆ 'ಓ.ಆರ್.ಎಸ್.' ಎಂಬ ಅಕ್ಷರಗಳು ಬಹಳ ಕಾಲ ರಾರಾಜಿಸಿದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ಆದರೂ ಕೊಳ್ಳುವಾಗ ಲೇಬಲ್ಲಿನ ಹಿಂಬದಿಯನ್ನು ಓದುವುದು ಕ್ಷೇಮ.

ಮನೆಯಲ್ಲಿ ಕಾಯಬಾರದ ಸಂದರ್ಭಗಳೂ ಇವೆ. ಮಗುವಿನ ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಕೂಡಲೇ ಹಿಂದಿರುಗದಿದ್ದರೆ, ಆರು ಗಂಟೆಯಿಂದ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಸಿದ್ದೆಲ್ಲ ವಾಂತಿಯಾಗುತ್ತಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಮಗು ಮಂಕಾಗಿ ಕುಡಿಯಲಾರದೆ ಮಲಗಿಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ, ಮಗುವಿಗೆ ಎಚ್ಚರವಿದ್ದು ನುಂಗುವಂತಿದ್ದರೆ, ಚಮಚದಿಂದ ಕುಡಿಸುತ್ತಲೇ ಹೋಗಿ. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಇವಾವುದನ್ನೂ ಕಾಯದೆ ವೈದ್ಯರಿಗೆ ತೋರಿಸಬೇಕು.

ಆಶಾ ಕಾರ್ಯಕರ್ತೆಯವರಿಗೆ ಕ್ಷಮೆ ಕೇಳಿ ಪತ್ರ ಬರೆದೆ. ಅವರಿಂದ ಮತ್ತೊಂದು ಕಾರ್ಡು ಬಂತು. ಮಗು ಚೆನ್ನಾಗಿದೆಯಂತೆ. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟಿದ್ದರು: 'ಲೀಟರು ಅಂದರೆ ನಮ್ಮ ಕಡೆ ಹೆಂಗಸರಿಗೆ ಅಂದಾಜು ಸಿಗಲ್ಲ ಸರ್. ಅವರವರ ಮನೆ ಲೋಟದಲ್ಲೇ ಅಳೆದು ತೋರಿಸ್ತೀನಿ.' ಕಾಯಿಲೆ ಇಲ್ಲದ ಇಂದೇ ನೀವೂ ಅದನ್ನು ಮಾಡಿಡಬಹುದು. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತೆಗೆದುಕೊಂಡು, ನಿಮ್ಮ ಮನೆಯ ಲೋಟದಿಂದ ತುಂಬಿ ಎಷ್ಟು ಹಿಡಿಯುತ್ತದೆ ನೋಡಿ, ಆ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಾನು ಐದು ಲೋಟ ಎಂದುಕೊಂಡಿದ್ದೆ. ನಮ್ಮ ಮನೆಯ ಸ್ಟೀಲು ಲೋಟದಲ್ಲಿ ಆರು ಲೋಟ ಹಾಕಿದ ಮೇಲೂ ಬಾಟಲಿಯ ಕತ್ತಿನಲ್ಲಿ ಇನ್ನೂ ಸ್ವಲ್ಪ ಜಾಗ ಉಳಿಯಿತು.